ಐದು ಸಾರಿ

ಆ ಭಾನುವಾರ ನಾನು ಐದು ಸಾರಿ 'ಸಾರಿ' ಹೇಳಿದೆ. ಮನೆಗೆ ಬಂದು ಸ್ನಾನ ಮಾಡುವಾಗ ಲೆಕ್ಕ ಹಾಕಿದ್ದು. ಹೊರಡುವಾಗ ಒಂದು, ಮೊದಲ ಏರಿನ ತುದಿಯಲ್ಲಿ ಒಂದು, ಎರಡನೇ ಏರಿನಲ್ಲಿ ಒಂದು, ಬೇರುಗಳ ಇಳಿಜಾರು ಮುಗಿದ ಮೇಲೆ ಒಂದು, ಕೊನೆಗೆ ಸೈಕಲ್‌ಗಳನ್ನು ಕಾರಿನ ಮೇಲೆ ಕಟ್ಟುವಾಗ ಒಂದು. ಐದನ್ನೂ ಹೇಳಿದ್ದು ನನ್ನ ಸೈಕಲ್ ಗೆಳೆಯರಿಗೆ. ಐದನ್ನೂ ಹೇಳಿದ್ದು ಇವರ, ಅಂದರೆ ನನ್ನ ಗಂಡನ, ಪರವಾಗಿ. ಇವರಿಗೆ ಅಂತ ಹೇಳಿದ್ದು ಒಂದೂ ಇರಲಿಲ್ಲ. ಕನ್ನಡದ ಸಾರಿಯೂ ಇಂಗ್ಲಿಷಿನ ಸಾರಿಯೂ ಒಂದೇ ಥರ ಕೇಳಿಸುವುದು ಸುಮ್ನೆ ಆಕಸ್ಮಿಕ ಇರಬಹುದು. ಆದರೆ ಅವತ್ತಿನಿಂದ ಒಂದು ಕಿವಿಗೆ ಬಿದ್ದರೆ ಇನ್ನೊಂದು ನೆನಪಾಗುತ್ತದೆ.

ನಮ್ಮದು ಏಳು ಜನರ ಗುಂಪು. ಆರು ವರ್ಷದಿಂದ ಹೆಚ್ಚುಕಮ್ಮಿ ಪ್ರತಿ ಭಾನುವಾರ ಗುಡ್ಡದ ದಾರಿ ಹಿಡಿಯುತ್ತೇವೆ. ರೇಸ್ ಅಲ್ಲ, ತರಬೇತಿ ಅಲ್ಲ. ಏರು ಹತ್ತುವುದು, ಮೇಲೆ ಕೂತು ಹರಟುವುದು, ಇಳಿಯುವಾಗ ಮಕ್ಕಳ ಥರ ಕೂಗುವುದು, ಅಷ್ಟೇ. ಇರುವುದು ಒಂದೇ ನಿಯಮ: ಯಾರನ್ನೂ ಬಿಟ್ಟು ಹೋಗುವಂತಿಲ್ಲ. ದಾರಿ ಕವಲೊಡೆಯುವ ಕಡೆಯೆಲ್ಲ ನಿಲ್ಲಬೇಕು, ತಲೆ ಎಣಿಸಬೇಕು, ಆಮೇಲೆ ಮುಂದಕ್ಕೆ. ಈ ನಿಯಮದ ಬಗ್ಗೆ ನನಗೆ ಭಾರಿ ಹೆಮ್ಮೆ. ಹೊಸಬರು ಯಾರು ಕೇಳಿದರೂ "ಬನ್ನಿ ಬನ್ನಿ, ನಾವು ಕಾಯ್ತೀವಿ" ಅನ್ನುತ್ತಿದ್ದೆ. ಕಾಯುವುದು ಅಂದರೆ ಉಪಕಾರ ಅಂತಲೇ ತಿಳಿದಿದ್ದೆ.

ಒಂದು ಶನಿವಾರ ಸಂಜೆ ನಾನು ಹಳೇ ಬನಿಯನ್ ಚೂರಿನಲ್ಲಿ ಚೈನ್ ಒರೆಸುತ್ತಾ ಕೂತಿದ್ದೆ. ಇವರು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. "ನಾನೂ ಒಂದ್ಸಲ ಬರ್ಲಾ?" ಅಂದರು. ಆರು ವರ್ಷದಲ್ಲಿ ಮೊದಲ ಸಲ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಕೈಯಲ್ಲಿದ್ದ ಎಣ್ಣೆ ಬಟ್ಟೆಯ ಸಮೇತ ಎದ್ದು ನಿಂತೆ. ಇವರು ಸೈಕಲ್ ಹೊಡೆದದ್ದು ಕಾಲೇಜಿನ ದಿನಗಳಲ್ಲಿ, ಅದೂ ಟಾರು ರಸ್ತೆಯಲ್ಲಿ, ಹಿಂದೆ ಕ್ಯಾರಿಯರ್ ಇದ್ದ ಸೈಕಲ್. ಆದರೆ ಅದೆಲ್ಲ ಆಗ ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ಬ್ಯಾಲೆನ್ಸ್ ಬರುತ್ತದಲ್ಲ, ಸಾಕು ಅಂದುಕೊಂಡೆ.

ಗುಂಪಿನ ಗೆಳೆಯರೊಬ್ಬರು ತಮ್ಮ ಹಳೇ ಸೈಕಲ್ ಕೊಟ್ಟರು. ಎತ್ತರದಲ್ಲಿ ಅವರೂ ಇವರೂ ಸಮ. ಮುಂದಿನ ವಾರವಿಡೀ ನಾನು ಆ ಸೈಕಲ್ ಜೊತೆ ಗುದ್ದಾಡಿದೆ. ಟೈರಿನ ಗಾಳಿ ಇಳಿಸಿ ಹಿಂದೆ 26, ಮುಂದೆ 24 ಪಿಎಸ್‌ಐಗೆ ತಂದೆ. ಟಾರು ರಸ್ತೆಯ ಲೆಕ್ಕದಲ್ಲಿ ಗಟ್ಟಿಯಾಗಿ ತುಂಬಿದರೆ ಟೈರು ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ, ನೆಲ ಕಚ್ಚುವುದಿಲ್ಲ. ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದ ಹಾಗೆ ಎರಡು ತೂತು. ಮುಂದಿನ ಶಾಕ್ ಅಬ್ಸಾರ್ಬರಿಗೆ ಇವರ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಿದೆ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಊರಿದರೆ ಕಾಲು ನೆಟ್ಟಗಾಗುವಂತೆ ಸೀಟು ಏರಿಸಿದೆ. ಪ್ಯಾಡ್ ಇರುವ ಚಡ್ಡಿ ತಂದುಕೊಟ್ಟು, ಇದನ್ನು ಹಾಕಿದರೆ ಒಳಗೆ ಬೇರೆ ಏನೂ ಹಾಕಬಾರದು ಅಂದಾಗ ಇವರ ಮುಖ ನೋಡಬೇಕಿತ್ತು. ನಿನ್ನ ಗುಂಪಿನವರೆಲ್ಲ ಹೀಗೇನಾ ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ದಾರಿಯನ್ನೂ ನಾನೇ ಆರಿಸಿದ್ದು. ಗುಡ್ಡದ ಸೈಕಲ್ ದಾರಿಗಳಿಗೆ ಬಣ್ಣದ ಗುರುತು ಇರುತ್ತದಲ್ಲ: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಹಿಮದಲ್ಲಿ ಜಾರುವ ಸ್ಕೀ ಆಟದ ಇಳಿಜಾರುಗಳಿಂದ ಬಂದ ಪದ್ಧತಿ ಅದು. ನಾನು ಬಹುಪಾಲು ಹಸಿರು, ಕೊನೆಗೊಂದು ಚೂರು ನೀಲಿ ಇರುವ ದಾರಿ ಆರಿಸಿ, ಇಷ್ಟು ಸುಲಭದ್ದು ಸಿಗಲ್ಲ ಅಂತ ಇವರಿಗೆ ಹೇಳಿದೆ. ಒಂದು ವಿಷಯ ಗೊತ್ತಿದ್ದೂ ಮರೆತಿದ್ದೆ. ಆ ಬಣ್ಣಗಳು ಹೇಳುವುದು ದಾರಿ ಎಷ್ಟು ಅಗಲ, ಎಷ್ಟು ಕಲ್ಲು, ಎಷ್ಟು ಕಡಿದು ಅನ್ನುವುದನ್ನು. ಎಷ್ಟು ಏದುಸಿರು ಬರುತ್ತದೆ ಅಂತ ಅವು ಹೇಳುವುದಿಲ್ಲ. ಮೂರು ಕಿಲೋಮೀಟರ್ ಒಂದೇ ಸಮ ಏರುವ ದಾರಿ ಅಗಲವಾಗಿ, ನುಣ್ಣಗೆ ಇದ್ದರೆ ಅದೂ ಹಸಿರೇ.

ಎಲ್ಲರಿಗಿಂತ ಕಡಿಮೆ ಕೂತವರು

ಮೊದಲ ಏರನ್ನು ನಾವು 22 ನಿಮಿಷದಲ್ಲಿ ಹತ್ತಿದೆವು. ಇವರು 40 ನಿಮಿಷ ತೆಗೆದುಕೊಂಡರು. ನಡುವೆ ಎರಡು ಸಲ ನಾನು ತಿರುಗಿ ಕೆಳಗೆ ಹೋಗಿ "ಇನ್ನು ಸ್ವಲ್ಪವೇ ಇರೋದು" ಅಂತ ಹೇಳಿ ಮತ್ತೆ ಮೇಲೆ ಹತ್ತಿದೆ. ಅದು ಸುಳ್ಳು ಅಂತ ನನಗೂ ಗೊತ್ತಿತ್ತು, ಎರಡನೇ ಸಲ ಹೇಳಿದಾಗ ಇವರಿಗೂ ಗೊತ್ತಾಗಿತ್ತು. ಅದಕ್ಕಿಂತ ದೊಡ್ಡ ತಪ್ಪು ಆ ತಿರುಗಿ ಹೋಗಿ ಮತ್ತೆ ಹತ್ತಿದ್ದು. ಒಬ್ಬ ಮನುಷ್ಯ ಉಸಿರಿಗೆ ಒದ್ದಾಡುತ್ತಾ ಒಂದೊಂದೇ ಪೆಡಲ್ ತುಳಿಯುತ್ತಿರುವಾಗ, ಅವನ ಹೆಂಡತಿ ಅದೇ ಏರನ್ನು ಮಾತಾಡುತ್ತಾ ಮೂರು ಸಲ ಹತ್ತಿ ತೋರಿಸುವುದು ಎಂಥಾ ಹುರಿದುಂಬಿಸುವಿಕೆ?

ಮೇಲೆ ಇವರು ಬಂದಾಗ ಉಳಿದವರು ಆಗಲೇ 18 ನಿಮಿಷ ಕೂತಿದ್ದರು. ನೀರು ಕುಡಿದಾಗಿತ್ತು, ಬೆವರು ಆರಿತ್ತು, ಒಬ್ಬರು ಕಲ್ಲಿನ ಮೇಲೆ ಮಲಗಿ ಎದ್ದೂ ಆಗಿತ್ತು. ಮೈ ತಣ್ಣಗಾದ ಮೇಲೆ ಕೂರುವುದು ಯಾರಿಗೂ ಹಿತವಲ್ಲ. ಹಾಗಾಗಿ ಇವರ ಹೆಲ್ಮೆಟ್ ತಿರುವಿನಲ್ಲಿ ಕಂಡಿದ್ದೇ ತಡ, ಎಲ್ಲರೂ ಎದ್ದು ಕೈಗವಸು ಹಾಕಿಕೊಳ್ಳತೊಡಗಿದರು. "ಬಂದ್ರಾ? ಸೂಪರ್! ಸರಿ, ಹೊರಡೋಣ್ವಾ?" ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನೊಬ್ಬ ಇದ್ದಾನೆ, ನನ್ನನ್ನು ಅಕ್ಕ ಅನ್ನುತ್ತಾನೆ, ಇವರನ್ನು ಭಾವ. ಅವನು "ಭಾವ, ಒಂದೆರಡು ನಿಮಿಷ ಕೂತ್ಕೊಳ್ಳಿ" ಅಂದ. ಇವರು ಸುತ್ತ ನೋಡಿದರು. ಎಲ್ಲರ ಒಂದು ಕಾಲು ಪೆಡಲ್ ಮೇಲಿತ್ತು. "ಇಲ್ಲಪ್ಪ, ಪರವಾಗಿಲ್ಲ, ನಡೀರಿ" ಅಂದರು. ನಾನು ಆಗ ಗುಂಪಿನ ಕಡೆ ತಿರುಗಿ, ನಗುತ್ತಾ, ಎರಡನೇ ಸಾರಿ ಹೇಳಿದೆ. "ಸಾರಿ, ತುಂಬಾ ಕಾಯಿಸಿಬಿಟ್ವಿ."

ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಅವತ್ತು ನಾಲ್ಕು ಕಡೆ ನಿಂತೆವು. ಮುಂದಿದ್ದವರು ಒಟ್ಟು ಒಂದು ಗಂಟೆಗಿಂತ ಜಾಸ್ತಿ ಕೂತಿದ್ದರು. ಇವರು ಎಲ್ಲ ಸೇರಿ ಹತ್ತು ನಿಮಿಷವೂ ಇಲ್ಲ. ಅದೇ ದೂರ, ಅದೇ ಏರು, ಸೀಟಿನ ಮೇಲೆ ಎಲ್ಲರಿಗಿಂತ ಜಾಸ್ತಿ ಹೊತ್ತು, ಕೆಳಗಿಳಿದು ಕೂತಿದ್ದು ಎಲ್ಲರಿಗಿಂತ ಕಡಿಮೆ. ಯಾರಿಗೆ ದಣಿವು ಜಾಸ್ತಿಯೋ ಅವರಿಗೇ ವಿಶ್ರಾಂತಿ ಕಡಿಮೆ. ಆರು ವರ್ಷ ನಾನು ಹೆಮ್ಮೆಪಟ್ಟ ನಿಯಮ ಕೆಲಸ ಮಾಡುತ್ತಿದ್ದದ್ದು ಹೀಗೆ. ಹಿಂದೆ ಬಂದುಹೋದ ಹೊಸಬರಿಗೆಲ್ಲ ಇದೇ ಆಗಿರಬೇಕಲ್ವಾ? ಒಬ್ಬರು ಎರಡು ವಾರ ಬಂದು ನಿಲ್ಲಿಸಿದ್ದರು. ಮಂಡಿ ನೋವು ಅಂದಿದ್ದರು. ನಾವೂ ನಂಬಿದ್ದೆವು. ಗುಂಪಿನವರೇನೂ ಕೆಟ್ಟವರಲ್ಲ. ಯಾರೂ ಮುಖ ಗಂಟಿಕ್ಕಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಕಾಯಿಸಿದವರ ಮನಸ್ಸಿನಲ್ಲಿ ಮಾತ್ರ ಗಡಿಯಾರ ಓಡುತ್ತಲೇ ಇರುತ್ತದೆ.

ಇನ್ನೊಂದು ವಿಷಯ ಇಲ್ಲೇ ಒಪ್ಪಿಕೊಳ್ಳಬೇಕು. ಆ ಗುಂಪಿನಲ್ಲಿ ನಾನು ಬೇರೆಯೇ ಒಬ್ಬಳು. ಮನೆಯಲ್ಲಿ ಗ್ಯಾಸ್ ಬುಕ್ ಮಾಡುವ, ಬೀಗದ ಕೈ ಹುಡುಕುವ ನಾನಲ್ಲ. ಅಲ್ಲಿ ನಾನು ಬಂಡೆ ಮೇಲಿಂದ ಸೈಕಲ್ ಹಾರಿಸುವವಳು. ಇವರು ಅದನ್ನು ಒಂದು ಸಲವೂ ನೋಡಿರಲಿಲ್ಲ. ಅವತ್ತು ಮೊದಲ ಇಳಿಜಾರಿನಲ್ಲಿ ಮೊಣಕಾಲೆತ್ತರದ ಬಂಡೆಯೊಂದರ ಮೇಲಿಂದ ಚೆನ್ನಾಗಿಯೇ ಹಾರಿಸಿದೆ, ಎರಡೂ ಚಕ್ರ ಒಟ್ಟಿಗೆ ನೆಲಕ್ಕೆ ಬಂದವು. ಹಾರಿಸಿ, ಇವರು ನೋಡಿದರಾ ಅಂತ ತಿರುಗಿದೆ. ಇವರು ಇನ್ನೂ ಮೇಲಿನ ತಿರುವನ್ನೂ ದಾಟಿರಲಿಲ್ಲ. ಇವರಿಗೆ ಜೊತೆಯಾಗಲು ಬಂದವಳು ನಾನು, ಆದರೆ ನನಗೆ ಬೇಕಾಗಿದ್ದದ್ದು ಪ್ರೇಕ್ಷಕ.

ಬ್ರೇಕ್ ಬಿಡ್ರೀ!

ಕೊನೆಯ ನೀಲಿ ತುಂಡಿನಲ್ಲಿ ಒಂದು ಕಡೆ ಮರದ ಬೇರುಗಳು ದಾರಿಗೆ ಅಡ್ಡಡ್ಡ ಹರಡಿವೆ. ಉದ್ದ ಹೆಚ್ಚೆಂದರೆ ಹದಿನೈದು ಮೀಟರ್. ಬಲ್ಲವರಿಗೆ ನಾಲ್ಕು ಸೆಕೆಂಡಿನ ಕೆಲಸ. ಪೆಡಲ್ ಎರಡೂ ಸಮ ಮಟ್ಟಕ್ಕೆ ತಂದು ನಿಂತು, ಮೊಣಕೈ ಮಡಚಿ, ಹಿಮ್ಮಡಿ ತುಸು ತಗ್ಗಿಸಿ, ಬೇರು ನೋಡದೆ ಬೇರುಗಳಾಚೆಯ ದಾರಿ ನೋಡುತ್ತಾ ಬಿಟ್ಟರೆ ಸೈಕಲ್ ತಾನೇ ದಾಟುತ್ತದೆ. ಬೇರಿನ ಮೇಲೆ ಬ್ರೇಕ್ ಹಿಡಿಯಬಾರದು. ಹಿಡಿದರೆ ಚಕ್ರ ಉರುಳುವುದು ಬಿಟ್ಟು ಜಾರುತ್ತದೆ. ವೇಗ ಕಡಿಮೆ ಮಾಡುವುದೆಲ್ಲ ಬೇರು ಬರುವ ಮೊದಲೇ ಆಗಬೇಕು. ಇದನ್ನೆಲ್ಲ ನಾನು ಹೇಳಿದ್ದೆ. ಎಲ್ಲಿ ಹೇಳಿದೆ ಅಂದರೆ, ಬೇರುಗಳ ಕೆಳಗೆ ನಿಂತು, ಇವರು ಬೇರುಗಳ ಮೇಲೆ ಇರುವಾಗ, ಕೂಗಿ ಹೇಳಿದೆ. "ಕೈ ಮಡಚಿ! ಮುಂದೆ ನೋಡಿ! ಹಿಮ್ಮಡಿ! ಬ್ರೇಕ್ ಬಿಡ್ರೀ! ಬ್ರೇಕ್ ಬಿಡಿ ಅಂದ್ರೆ!" ನಾಲ್ಕು ಸೆಕೆಂಡಿನ ಜಾಗದಲ್ಲಿ ಐದು ಮಾತು.

ಇವರು ಬ್ರೇಕ್ ಬಿಡಲಿಲ್ಲ. ನಡುಬೇರಿನ ಮೇಲೆ ಸೈಕಲ್ ನಿಂತೇಹೋಯಿತು. ಒಂದು ಕ್ಷಣ ಇವರೂ ಸೈಕಲ್ಲೂ ಹಾಗೇ ನೆಟ್ಟಗೆ ನಿಂತಿದ್ದರು, ಫೋಟೋಗೆ ನಿಂತ ಹಾಗೆ. ಆಮೇಲೆ ನಿಧಾನವಾಗಿ, ಮರ ಕಡಿದಾಗ ಬೀಳುತ್ತದಲ್ಲ ಹಾಗೆ, ಎಡಕ್ಕೆ ವಾಲಿ ಬಿದ್ದರು. ನಾನು ಸೀಟನ್ನು ಇಳಿಜಾರಿಗೆ ಅಂತ ತಗ್ಗಿಸಿಯೂ ಇರಲಿಲ್ಲ, ಹಾಗಾಗಿ ಊರಲು ಹೋದ ಕಾಲು ನೆಲಕ್ಕೆ ಸಿಗಲಿಲ್ಲ. ಮೊಣಕೈ ತರಚಿತು. ದೊಡ್ಡದೇನಲ್ಲ. ಎದ್ದು ಮಣ್ಣು ಕೊಡವಿಕೊಂಡು ಉಳಿದದ್ದನ್ನು ಸೈಕಲ್ ತಳ್ಳಿಕೊಂಡು ಇಳಿದರು. ನಾನು ಇವರ ಹತ್ತಿರ ಹೋಗುವ ಮೊದಲು ಗುಂಪಿನ ಕಡೆ ನೋಡಿ ನಾಲ್ಕನೇ ಸಾರಿ ಹೇಳಿದೆ. "ಸಾರಿ, ಸ್ವಲ್ಪ ಭಯ ಅವರಿಗೆ."

ಸುಮ್ನೆ ಒಂದು ಹಳೇ ಕಥೆ ಹೇಳಿಬಿಡುತ್ತೇನೆ. ಈ ಆಟವೇ ಹುಟ್ಟಿದ್ದು ಗೆಳೆಯರ ಗುಂಪುಗಳಿಂದ, ಅದೂ ಬ್ರೇಕ್ ಸಾಲದೆ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ 1976ರಲ್ಲಿ ಕೆಲವು ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮೇಲೆ ಸಾಗಿಸಿ, ಮಣ್ಣುದಾರಿಯಲ್ಲಿ ಕೆಳಗೆ ಬಿಡುವ ಪಂದ್ಯ ಶುರು ಮಾಡಿದರು. ಆ ಸೈಕಲ್‌ಗಳಿಗಿದ್ದದ್ದು ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್, ಹಿಂದಿನ ಚಕ್ರದ ಹಬ್ಬಿನೊಳಗೆ, ಅಂದರೆ ಚಕ್ರದ ನಡುವಿನ ಗುಂಬದೊಳಗೆ. ಕೆಳಗೆ ಬರುವಷ್ಟರಲ್ಲಿ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಬಿಚ್ಚಿ ಹೊಸ ಗ್ರೀಸು ತುಂಬಬೇಕು, ಅಂದರೆ ರೀಪ್ಯಾಕ್ ಮಾಡಬೇಕು. ಪಂದ್ಯದ ಹೆಸರೇ ರೀಪ್ಯಾಕ್ ಆಯಿತು. ಅಲ್ಲಿಂದ 20 ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಮೌಂಟನ್ ಬೈಕಿಂಗ್ ಒಲಿಂಪಿಕ್ಸ್ ಸೇರಿತು. ಈಗಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು. ಒಂದೇ ಬೆರಳಲ್ಲಿ ಹಿಡಿಯಬೇಕು, ಉಳಿದ ಬೆರಳು ಹ್ಯಾಂಡಲ್ ಬಿಡಬಾರದು. ಇದನ್ನೂ ನಾನು ಇವರಿಗೆ ಹತ್ತು ಸಲ ಹೇಳಿದ್ದೆ. ಇವರು ಹತ್ತು ಸಲವೂ ಮೂರು ಬೆರಳು ಹಾಕಿದರು. ಮಾತು ಕೇಳುವುದಿಲ್ಲ ಅಂತ ಒಳಗೊಳಗೇ ಸಿಡಿಮಿಡಿಗೊಂಡೆ.

ಕಾರಿನಲ್ಲಿ ವಾಪಸು ಬರುವಾಗ "ಹೇಗಿತ್ತು?" ಅಂದೆ. "ಚೆನ್ನಾಗಿತ್ತು. ನಿನ್ನ ಫ್ರೆಂಡ್ಸೆಲ್ಲ ತುಂಬಾ ಒಳ್ಳೆಯವರು" ಅಂದರು. ಮದುವೆಯಾಗಿ ಇಷ್ಟು ವರ್ಷ ಆದ ಮೇಲೆ ಆ ದನಿಯ 'ಚೆನ್ನಾಗಿತ್ತು'ಗೆ ಅರ್ಥ ಗೊತ್ತಿರುತ್ತದೆ. ನೆಂಟರ ಮನೆಯ ಊಟ ಸೇರದೇ ಹೋದಾಗಲೂ ಇವರು ಹೀಗೇ ಅನ್ನುವುದು.

ಬಾಟಲಿಯ ಮುಚ್ಚಳ

ಅವತ್ತು ರಾತ್ರಿ ಇವರು ನೀರಿನ ಬಾಟಲಿ ತೆಗೆಯಲು ಒದ್ದಾಡುತ್ತಿದ್ದರು. ದಿನಾ ತೆಗೆಯುವ ಬಾಟಲಿ. ಬೆರಳು ಮಡಚುತ್ತಲೇ ಇರಲಿಲ್ಲ. ಕೊನೆಗೆ ತೊಡೆಗಳ ನಡುವೆ ಬಾಟಲಿ ಇಟ್ಟುಕೊಂಡು, ಟವೆಲ್ಲಿನಿಂದ ಮುಚ್ಚಳ ಹಿಡಿದು ಅಂಗೈಯಲ್ಲಿ ತಿರುಗಿಸಿದರು. ನಾನು ತೆಗೆದುಕೊಡಲು ಹೋದಾಗ ಇವರ ಕೈ ನೋಡಿದೆ. ಎರಡೂ ಕೈಗಳ ಮೂರು ಮೂರು ಬೆರಳುಗಳ ತುದಿಯಲ್ಲಿ, ಉಗುರಿನ ಹಿಂದುಗಡೆಯ ಮೆತ್ತನೆ ಜಾಗದಲ್ಲಿ, ಕೆಂಪಗೆ ಒಂದೊಂದು ಗೆರೆ. ದಾರ ಬಿಗಿದು ಕಟ್ಟಿದರೆ ಮೂಡುತ್ತದಲ್ಲ, ಅಂಥದ್ದು. ಒಂದು ಬೆರಳಲ್ಲಿ ಬೊಕ್ಕೆ ಬಂದಿತ್ತು. ಬ್ರೇಕ್ ಹಿಡಿದರೆ ಗುರುತು ಬೀಳಬೇಕಾದದ್ದು ಅಲ್ಲಲ್ಲ. ತೋರುಬೆರಳಿನ ಮೊದಲ ಗಿಣ್ಣಿನ ಮಡಿಕೆಯಲ್ಲಿ ಲಿವರ್ ಕೂರಬೇಕು.

ಬೆಳಿಗ್ಗೆ ಎದ್ದವಳೇ ಹೋಗಿ ಆ ಸೈಕಲ್ಲಿನ ಹ್ಯಾಂಡಲ್ ಹಿಡಿದೆ. ಅಂಗೈ ಪೂರ್ತಿ ಊರಿದರೆ ನನ್ನ ತೋರುಬೆರಳಿನ ತುದಿ ಲಿವರಿಗೆ ಬರೀ ಮುಟ್ಟುತ್ತಿತ್ತು, ಹಿಡಿತ ಸಿಗುತ್ತಿರಲಿಲ್ಲ. ಸೈಕಲ್ ಕೊಟ್ಟ ಗೆಳೆಯರ ಕೈ ಮೊರದಗಲ. ಅವರು ಲಿವರನ್ನು ತಮ್ಮ ಕೈಗೆ ತಕ್ಕಂತೆ ಹ್ಯಾಂಡಲ್‌ನಿಂದ ದೂರಕ್ಕೆ ಇಟ್ಟುಕೊಂಡಿದ್ದರು. ಇವರಿಗೋ ಗಿಡ್ಡ ಬೆರಳು. ಚಳಿ ಬಂದರೆ ನನ್ನ ಕೈಗವಸನ್ನೇ ಇವರು ಹಾಕಿಕೊಳ್ಳುವುದು. ಅಂದರೆ ಇವರ ಕೈ ಅಳತೆ ನನಗೆ ಗೊತ್ತಿಲ್ಲದ್ದೇನಲ್ಲ. ವಾರವಿಡೀ ಟೈರು ನೋಡಿದೆ, ಸೀಟು ನೋಡಿದೆ, ಶಾಕ್ ನೋಡಿದೆ. ಒಂದು ಸಲ "ಹ್ಯಾಂಡಲ್ ಹಿಡಿದು ತೋರಿಸಿ" ಅನ್ನಲಿಲ್ಲ.

ಲಿವರಿನ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಎರಡು ಎಂಎಂ ಅಲನ್ ಕೀ ಹಾಕಿ ನಾಲ್ಕೈದು ಸುತ್ತು ತಿರುಗಿಸಿದೆ, ಲಿವರ್ ಬೆರಳಿನ ಹತ್ತಿರ ಬಂತು. ಆಮೇಲೆ ಕ್ಲಾಂಪ್ ಸಡಿಲಿಸಿ ಇಡೀ ಬ್ರೇಕನ್ನು ಹ್ಯಾಂಡಲಿನ ನಡುವಿನ ಕಡೆ ಒಂದು ಬೆರಳಗಲ ಸರಿಸಿದೆ. ತೋರುಬೆರಳು ಲಿವರಿನ ಕೊಕ್ಕೆಯಂಥ ತುದಿಯ ಮೇಲೆ ಬಿದ್ದರೆ ಬಲ ಕಡಿಮೆ ಸಾಕು, ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ಅಂಚಿನಲ್ಲಿ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ. ಎಲ್ಲ ಸೇರಿ ಐದು ನಿಮಿಷದ ಕೆಲಸ. ಹಿಂದಿನ ದಿನ ನಾನು ಏಳು ಜನರ ಮುಂದೆ ಭಯ ಅಂದದ್ದು ಈ ಸ್ಕ್ರೂವನ್ನು. ಬೆರಳ ತುದಿಯಲ್ಲಿ ನೇತುಹಾಕಿಕೊಂಡ ಬ್ರೇಕನ್ನು ಬಿಟ್ಟರೆ ಮತ್ತೆ ಹಿಡಿಯಲು ಸಿಗುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದವರು ಯಾಕಾದರೂ ಬಿಡುತ್ತಾರೆ? ಮೂರು ಬೆರಳು ಹಾಕಿದ್ದು ಮಾತು ಕೇಳದ್ದಕ್ಕಲ್ಲ. ಒಂದು ಬೆರಳಿಗೆ ಅದು ಸಿಗುತ್ತಲೇ ಇರಲಿಲ್ಲ.

ಇವರನ್ನು ಕರೆದು ಹಿಡಿಸಿದೆ. ಎರಡು ಸಲ ಒತ್ತಿ ನೋಡಿದರು. "ಓ, ಹೀಗಿರುತ್ತಾ ಇದು?" ಅಂದರು. ನಿನ್ನೆ ಯಾಕ್ರೀ ಹೇಳಲಿಲ್ಲ ಅಂದೆ. "ಎಲ್ಲ ಸೈಕಲ್ಲೂ ಹಾಗೇ ಇರುತ್ತೆ ಅಂದ್ಕೊಂಡೆ. ನಂಗೇ ಬರ್ತಿಲ್ಲ ಅಂದ್ಕೊಂಡೆ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು, ಈಗಲೂ ಕಾಡುತ್ತದೆ. ಹೊಸಬರಿಗೆ ದೂರು ಹೇಳಲೂ ಬರುವುದಿಲ್ಲ. ಹೋಲಿಸಿ ನೋಡಲು ಅವರ ಹತ್ತಿರ ಇನ್ನೊಂದಿಲ್ಲ. ನನ್ನ ಸೈಕಲ್ಲಿನ ಗೇರು ಅರ್ಧ ಹಲ್ಲು ತಪ್ಪಿದರೂ ನನಗೆ ಕಾಲಿನಲ್ಲೇ ಗೊತ್ತಾಗುತ್ತದೆ, ನಿಂತು ಬೈದು ಸರಿ ಮಾಡುತ್ತೇನೆ. ಹೊಸಬರು ಅದನ್ನೇ ತಮ್ಮ ಕಾಲಿನ ತಪ್ಪು ಅಂದುಕೊಂಡು ಇನ್ನೂ ಜೋರಾಗಿ ತುಳಿಯುತ್ತಾರೆ. ಸೀಟು ಚುಚ್ಚಿದರೆ ಹೀಗೇ ಇರಬೇಕು, ಶೂ ಕಚ್ಚಿದರೆ ಹೀಗೇ ಇರಬೇಕು. ಅದರ ಮೇಲೆ ಪಕ್ಕದಲ್ಲೊಬ್ಬಳು ಧೈರ್ಯ ಮಾಡಿ ಧೈರ್ಯ ಮಾಡಿ ಅನ್ನುತ್ತಿದ್ದರೆ, ತಪ್ಪು ತನ್ನದೇ ಅನ್ನುವುದು ಪಕ್ಕಾ ಆಗುತ್ತದೆ. ಹೊಸಬರು "ಪರವಾಗಿಲ್ಲ" ಅಂದರೆ ಆ ಮಾತನ್ನು ನಾನೀಗ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅವರ ಕೈ ನೋಡುತ್ತೇನೆ.

ಅವತ್ತಿಗೆ ಮುಗಿಯಿತು ಅಂದುಕೊಂಡಿದ್ದೆ. ಮೂರು ದಿನ ಬಿಟ್ಟು, ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಾಗ, ಇವರು ಯಾವ ಪೀಠಿಕೆಯೂ ಇಲ್ಲದೆ ಕೇಳಿದರು. "ಒಂದು ಕೇಳ್ಲಾ? ನಾನು ಅವತ್ತು ಏನು ಒಡೆದುಹಾಕಿದ್ದೆ?" ನನಗೆ ಅರ್ಥವಾಗಲಿಲ್ಲ. "ಅಲ್ಲ, ಪಕ್ಕದ ಮನೆಗೆ ಹೋದಾಗ ಮಗು ಏನಾದ್ರೂ ಒಡೆದು ಹಾಕಿದ್ರೆ ಅಮ್ಮಂದಿರು ಸಾರಿ ಕೇಳ್ತಾರಲ್ಲ, ಹಾಗೆ ಕೇಳ್ತಾ ಇದ್ದೆ ನೀನು." ಸಿಟ್ಟಿನಿಂದ ಹೇಳಲಿಲ್ಲ. ಟೀ ಶರ್ಟಿನ ತೋಳು ಸರಿ ಮಾಡುತ್ತಾ ಹೇಳಿದರು. ಬಿದ್ದದ್ದು, ತರಚಿದ್ದು, ಏದುಸಿರು ಬಂದದ್ದು ಯಾವುದೂ ಇವರಿಗೆ ನೋವಾಗಿರಲಿಲ್ಲ. ನಾನು ಇವರನ್ನು ಕರೆತಂದದ್ದಕ್ಕೆ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಿದ್ದೆನಲ್ಲ, ಅದು ಆಗಿತ್ತು. ನಾನು ಗುಂಪಿಗೆ ಸಭ್ಯಳಾಗಿದ್ದೆ, ಖರ್ಚು ಇವರ ಲೆಕ್ಕದಲ್ಲಿ.

ಹಿಂದಿನಿಂದ

ಮುಂದಿನ ಮೂರು ಭಾನುವಾರ ಗುಂಪಿಗೆ ಚಕ್ಕರ್ ಹೊಡೆದು ನಾವಿಬ್ಬರೇ ಹೋದೆವು. ಮೊದಲ ಸಲವೇ ಗುಂಪಿನ ಜೊತೆ ಕರೆದುಕೊಂಡು ಹೋಗಬಾರದಿತ್ತು ಅನ್ನುವುದು ನನ್ನ ಈಗಿನ ಅಭಿಪ್ರಾಯ. ಯಾರು ಏನೇ ಹೇಳಲಿ, ಏಳು ಜೊತೆ ಕಣ್ಣಿನ ಮುಂದೆ ಯಾರೂ ಕಲಿಯುವುದಿಲ್ಲ. ಇಬ್ಬರೂ ಮಾಡಿಕೊಂಡ ಒಪ್ಪಂದ ಎರಡೇ. ಇವರು ಮುಂದೆ, ನಾನು ಹಿಂದೆ. ಕೇಳಿದರೆ ಮಾತ್ರ ಹೇಳುವುದು.

ಹಿಂದೆ ಹೋಗುವುದು ಎಷ್ಟು ಕಷ್ಟ ಅಂತ ನನಗೆ ಅಂದಾಜೇ ಇರಲಿಲ್ಲ. ಏರಿನಲ್ಲಿ ಇವರ ವೇಗಕ್ಕೆ ಹೋದರೆ ನನ್ನ ಸೈಕಲ್ ತೂರಾಡತೊಡಗಿತು. ವೇಗ ಇದ್ದರೆ ಬ್ಯಾಲೆನ್ಸ್ ತಾನೇ ಬರುತ್ತದೆ. ನಡೆಯುವ ವೇಗದಲ್ಲಿ ಹ್ಯಾಂಡಲ್ ನೆಟ್ಟಗೆ ಹಿಡಿದು ಏರು ಹತ್ತುವುದೇ ಬೇರೆ ವಿದ್ಯೆ. ಮೊದಲ ಅರ್ಧ ಗಂಟೆಯಲ್ಲಿ ನಾನು ಎರಡು ಸಲ ಕಾಲು ಊರಿದೆ, ಇವರು ಒಂದು ಸಲವೂ ಊರಲಿಲ್ಲ. ಇವರು ಹಿಂದಿನ ವಾರ ನಲವತ್ತು ನಿಮಿಷ ಮಾಡಿದ್ದು ಇದನ್ನೇ. ಮೇಲೆ ನಿಂತಿದ್ದವಳಿಗೆ ಕಂಡದ್ದು ಇವರು ತಡವಾಗಿ ಬಂದದ್ದು ಮಾತ್ರ.

ಹಿಂದಿನಿಂದ ಬೇರೆ ಬೇರೆ ಕಂಡವು. ಹೆಗಲು ಕಿವಿಯವರೆಗೆ ಏರಿರುತ್ತಿತ್ತು. ಕಣ್ಣು ಯಾವಾಗಲೂ ಮುಂದಿನ ಚಕ್ರದ ಮೇಲೆ. ಗೇರು ಬದಲಾಯಿಸುವುದು ಏರು ಶುರುವಾಗಿ ಕಾಲು ಸೋತ ಮೇಲೆ, ಹಾಗಾಗಿ ಚೈನು ಕಟಕಟ ಅಂತ ಹಲ್ಲು ಕಡಿಯುತ್ತಿತ್ತು. ಇದಕ್ಕೆಲ್ಲ ನನ್ನ ಹತ್ತಿರ ಒಂದೊಂದು ಮಾತು ಸಿದ್ಧವಿತ್ತು. ನಾಲಿಗೆ ಕಚ್ಚಿಕೊಂಡೆ. ಆಮೇಲೆ ಇನ್ನೊಂದು ಕೇಳಿಸಿತು. ಇವರು ಏನೋ ಗೊಣಗುತ್ತಿದ್ದರು. ಬೈಯುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. "ಅರವತ್ತೊಂದು, ಅರವತ್ತೆರಡು, ಅರವತ್ಮೂರು." ಪೆಡಲ್ ಎಣಿಸುತ್ತಿದ್ದರು. ನೂರಾದ ಮೇಲೆ ಮತ್ತೆ ಒಂದರಿಂದ. ಮೊದಲ ದಿನವೂ ಹೀಗೇ ಎಣಿಸಿಕೊಂಡು ಹತ್ತಿದ್ದಂತೆ. ಆ ಏರು ಎಷ್ಟು ನೂರು ಅಂತ ಇವರಿಗೆ ಗೊತ್ತಿತ್ತು, ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ತಿಳಿದದ್ದೂ ಅದರಿಂದಲೇ.

ಅರ್ಧ ದಾರಿಯಲ್ಲಿ ಇವರೇ ಕೇಳಿದರು, ಗೇರು ಯಾಕೆ ಹಾಗೆ ಕಿರುಚುತ್ತೆ ಅಂತ. ಏರು ಬರುವ ಮೊದಲೇ ಬದಲಾಯಿಸಿ, ಬದಲಾಯಿಸುವಾಗ ಒಂದು ಸುತ್ತು ಹಗುರವಾಗಿ ತುಳಿಯಿರಿ ಅಂದೆ. ಅಷ್ಟೇ. ಮುಂದಿನ ಏರಿಗೆ ಚೈನು ಸದ್ದಿಲ್ಲದೆ ಇಳಿಯಿತು. ಹಿಂದಿನ ವಾರ ಇದೇ ಮಾತನ್ನು ಕೂಗಿ ಕೂಗಿ ಹೇಳಿದ್ದೆ. ಕೇಳಿದ ಮೇಲೆ ಹೇಳಿದ ಮಾತು ಮಾತ್ರ ಒಳಗೆ ಹೋಗುತ್ತದೋ ಏನೋ. ಅಥವಾ ಹೆಂಡತಿ ಹೇಳಿದ್ದು ಗಂಡನ ಕಿವಿಗೆ ನಿಧಾನವಾಗಿ ತಲುಪುತ್ತದೋ. ಯಾಕೆಂದರೆ ತಿರುವಿನಲ್ಲಿ ಎಲ್ಲಿ ನೋಡಬೇಕು ಅಂತ ನಾನು ನೂರು ಸಲ ಹೇಳಿ ಸೋತದ್ದನ್ನು, ಆಮೇಲೆ ಒಂದು ದಿನ ನಮ್ಮ ಚಿಕ್ಕವನು "ಭಾವ, ಹೊಕ್ಕಳಲ್ಲಿ ಟಾರ್ಚ್ ಇದೆ ಅಂದ್ಕೊಳ್ಳಿ, ಅದನ್ನ ತಿರುವಿನಾಚೆಗೆ ಬಿಡಿ" ಅಂದಿದ್ದೇ ಇವರಿಗೆ ಬಂದುಬಿಟ್ಟಿತು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಇಲ್ಲ ಅನ್ನುವುದಿಲ್ಲ.

ಬೇರುಗಳ ಹತ್ತಿರ ಇವರು ತಾವಾಗಿ ನಿಂತರು. ಇಳಿದು, ಸೈಕಲ್ ಮಲಗಿಸಿ, ನಡೆದುಕೊಂಡು ಹೋಗಿ ಒಂದೊಂದು ಬೇರನ್ನೂ ಶೂ ತುದಿಯಲ್ಲಿ ಮುಟ್ಟಿ ನೋಡಿದರು. ವಾಪಸು ಬಂದು ಸೀಟು ತಗ್ಗಿಸಿಕೊಂಡರು. ಲಿವರ್ ಮೇಲೆ ಒಂದೇ ಬೆರಳಿಟ್ಟು ಎರಡು ಸಲ ಒತ್ತಿದರು. ನಾನು ಹತ್ತು ಅಡಿ ಹಿಂದೆ ನಿಂತಿದ್ದೆ. ನನಗೆ ಕಾರು ಕಲಿಸುವಾಗ ಇವರು ಪಕ್ಕದ ಸೀಟಿನಲ್ಲಿ ಕೂತು, ಬಾಯಿ ಬಿಡದೆ, ಬಲಗಾಲಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಕಾಲಡಿಯ ಮ್ಯಾಟು ಅಲ್ಲಿ ಸವೆದೇ ಹೋಗಿತ್ತು. ಎಷ್ಟು ನಗುತ್ತಿದ್ದೆ ನಾನು ಆಗ. ಇವರು ಹೊರಟರು. ಟಕ್, ಟಕ್, ಟಕ್ ಅಂತ ಮೂರು ಬೇರು, ಒಂದು ಕಡೆ ಹಿಂದಿನ ಚಕ್ರ ಜಾರಿತು, ಸರಿಹೋಯಿತು, ಕೆಳಗೆ ಮಣ್ಣಿನ ಮೇಲೆ ಬಂದು ಮುಂದೆ ಹೋಗಿಯೇಬಿಟ್ಟರು. ತಿರುಗಿ ನೋಡಲಿಲ್ಲ. ನಾನು ನಿಂತ ಜಾಗದಲ್ಲೇ ನನ್ನ ಸೈಕಲ್ಲಿನ ಎರಡೂ ಬ್ರೇಕು ಒತ್ತಿ ಹಿಡಿದಿದ್ದೆ. ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಎರಡು ತಿಂಗಳ ಮೇಲೆ ಗುಂಪಿನ ಜೊತೆ ಮತ್ತೆ ಹೋದೆವು. ಅದೇ ದಾರಿ. ಮೊದಲ ಏರಿಗೆ ಇವರು ಈಗ 33 ನಿಮಿಷ. ನಾನು ಹಿಂದೆಯೇ ಇದ್ದೆ, ಎಣಿಕೆ ಕೇಳುತ್ತಾ. ತುದಿಯ ತಿರುವಿನಲ್ಲಿ ನಮ್ಮ ಹೆಲ್ಮೆಟ್ ಕಂಡದ್ದೇ ಎಲ್ಲರೂ ಎಂದಿನಂತೆ ಎದ್ದರು, ಕೈಗವಸು ಹಾಕಿದರು. "ಬಂದ್ರಾ? ಸೂಪರ್!" ಇವರು ಸೈಕಲ್ಲನ್ನು ಮರಕ್ಕೆ ಒರಗಿಸಿದರು. ಹೆಲ್ಮೆಟ್ ಬಿಚ್ಚಿ ಕೊಂಬೆಗೆ ನೇತುಹಾಕಿದರು. ಕಲ್ಲಿನ ಮೇಲೆ ಕೂತು ಶೂ ಒಂದನ್ನು ಕಳಚಿ ಒಳಗಿದ್ದ ಹರಳು ಕೊಡವಿದರು. "ನೀವು ನಡೀರಿ, ನಾನು ಒಂದು ಹತ್ತು ನಿಮಿಷ ಕೂತು ಬರ್ತೀನಿ" ಅಂದರು. ನನ್ನ ಬಾಯಿಗೆ ಆ ಪದ ಬಂದೇಬಿಟ್ಟಿತ್ತು. ನೀರು ಕುಡಿದೆ.

ಯಾರೂ ಹೋಗಲಿಲ್ಲ. ಒಬ್ಬೊಬ್ಬರೇ ಪೆಡಲ್ ಮೇಲಿಂದ ಕಾಲು ತೆಗೆದರು. ಚಿಕ್ಕವನು ಸೈಕಲ್ ಮಲಗಿಸಿ ಬಂದು ಪಕ್ಕದಲ್ಲಿ ಕೂತ. "ಭಾವ, ಇವತ್ತು ಎಷ್ಟು ನೂರು?" ಅಂದ. ಇವರು ಇನ್ನೊಂದು ಶೂ ಬಿಚ್ಚುತ್ತಿದ್ದರು.